ಹದಿನೈದು ನಿಮಿಷ

ಬಂಡಬರ್ಗಿನಲ್ಲಿ ಆಗಸ್ಟ್ ಅಂದರೆ ಕಬ್ಬಿನ ಗದ್ದೆಗೆ ಬೆಂಕಿ.
ಸಂಜೆ ಹಚ್ಚುತ್ತಾರೆ. ಬೆಳಿಗ್ಗೆ
ಒಗೆದು ಹರವಿದ ಬಟ್ಟೆಯ ಮೇಲೆ ಕರಿ ಎಳೆ,
ಕಾರಿನ ಗಾಜಿನ ಮೇಲೆ ಕರಿ ಎಳೆ,
ನನ್ನ ಕೋಣೆಯ ಹೊರಗೆ ಬೆಂಚಿನ ಮೇಲೆ
ಉಸಿರು ಎಣಿಸುತ್ತ ಕೂತವರು.

ತುಟಿ ಬಿಗಿ ಹಿಡಿಯಿರಿ. ಎಳೆಯಿರಿ, ಎಳೆಯಿರಿ,
ಈಗ ಊದಿ, ಊದಿ ಊದಿ ಊದಿ,
ಇನ್ನೂ ಇದೆ ಒಳಗೆ, ಬಿಡಬೇಡಿ!
ದಿನಕ್ಕೆ ನಲವತ್ತು ಸಲ ಹೀಗೆ ಕಿರುಚುವುದಕ್ಕೆ
ಸರ್ಕಾರ ನನಗೆ ಸಂಬಳ ಕೊಡುತ್ತದೆ.

ಡೊರೀನ್ ಪ್ಯಾಸ್ಕೋ. ಎಪ್ಪತ್ತಮೂರು.
ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಮೂವತ್ತು ವರ್ಷ.
ಪರದೆಯ ಮೇಲೆ ಅವಳ ಉಸಿರಿನ ಗೆರೆ
ಚೂಪಾಗಿ ಎದ್ದು, ಆಮೇಲೆ
ಹಗ್ಗ ಸಡಿಲಿದ ಜೋಲಿಯ ಹಾಗೆ ಒಳಕ್ಕೆ ಜೋತಿತು.
ನಾಲ್ಕು ಸಲ ಔಷಧಿ ಎಳೆಸಿದೆ. ಗಡಿಯಾರ ತಿರುಗಿಸಿಟ್ಟೆ.
ಇನ್ನು ಹದಿನೈದು ನಿಮಿಷ ಕಾಯಬೇಕು.

"ಇದು ಒಳಗೆ ಹೋಗಿ ಯಾರಿಗೆ ಏನು ಹೇಳುತ್ತೆ?"

ಶ್ವಾಸನಾಳಕ್ಕೆ ಸುತ್ತಿಕೊಂಡ ಒಂದು ಸ್ನಾಯು ಇದೆ, ಅಂದೆ.
ನುಣ್ಣನೆಯದು. ತೋಳಿನ ಸ್ನಾಯುವಿನ ಹಾಗಲ್ಲ,
ನಿಮ್ಮ ಮಾತು ಅದಕ್ಕೆ ಕೇಳಿಸುವುದಿಲ್ಲ.
ಹೊಗೆ ಬಂದರೆ ಬಿಗಿಯುತ್ತದೆ,
ಊದಿದ ಕೈಯಲ್ಲಿ ಸಿಕ್ಕಿಕೊಂಡ ಬಳೆಯ ಹಾಗೆ.
ಔಷಧಿ ಅದರ ಕಿವಿಯಲ್ಲಿ 'ಸಾಕು, ಬಿಡು' ಅನ್ನುತ್ತದೆ.

"ಬಿಗಿಯುವುದಕ್ಕೇ ಇದೆಯಾ ಅದು? ಬೇರೆ ಕೆಲಸ?"

ಮೂವತ್ತು ವರ್ಷ ಕಬ್ಬಿನ ರೈಲು ತೂಗಿದವಳು,
ಲೆಕ್ಕ ಕೇಳದೆ ಬಿಟ್ಟಾಳೆಯೇ.
ಕಪ್ಪೆಗೆ ಇದೆ ಕೆಲಸ, ಅಂದೆ. ಗಂಟಲಿಂದ ನೂಕಿಕೊಂಡ ಗಾಳಿಯನ್ನು
ಹಿಂಡಿ ಹೊರಗೆ ಹಾಕಲು ಶ್ವಾಸಕೋಶದ ಗೋಡೆಯೂ ಕೈ ಹಾಕುತ್ತದೆ.
ಆಮೆಗೂ ಇದೆ, ಚಿಪ್ಪಿನೊಳಗೆ ಅದರದು ನಿಧಾನದ ಸಂಸಾರ.
ನಿಮ್ಮ ಬರ್ನೆಟ್ ನದಿಯ ಆ ಹಳೇ ಮೀನಿಗೂ…

"ಗೊತ್ತು, ಗೊತ್ತು," ಅಂದಳು. "ರಾತ್ರಿ ಮೇಲೆ ಬಂದು
ಒಮ್ಮೆ ಬಾಯಿ ತೆರೆಯುತ್ತೆ. ನಮ್ಮಪ್ಪ ದೋಣಿಯಲ್ಲಿ
ದೀಪ ಆರಿಸಿ ಕೇಳಿಸುತ್ತಿದ್ದ.
ಕಮ್ಮಾರ ತಿದಿ ಒಂದೇ ಸಲ ಒತ್ತಿ ಬಿಟ್ಟ ಹಾಗೆ.
ಆ ಮೀನಿಗೆ ಇರುವುದೇ ಒಂದು ಶ್ವಾಸಕೋಶ, ನೋಡು, ಸಾಕಾಗುತ್ತೆ ಅನ್ನುತ್ತಿದ್ದ.
ಗಣಿಯಿಂದ ಬಂದ ಮೇಲೆ ಅವನಿಗೂ ಒಂದೇ ಉಳಿದಿತ್ತು.
ಸರಿ, ಮೀನಿಗಾಯಿತು. ನನಗೆ?"

ನಿಮಗೆ ಯಾಕೋ, ಗೊತ್ತಿಲ್ಲ, ಅಂದೆ.
ಕೆಮ್ಮಿಗೆ ಬೇಕು ಅನ್ನುವವರಿದ್ದಾರೆ,
ಸುಮ್ಮನೆ ಉಳಿದುಹೋದದ್ದು ಅನ್ನುವವರೂ.
ನಮ್ಮ ಕಡೆ ಒಂದು ಗಾದೆ:
ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ.
ಇಂಗ್ಲಿಷಿನಲ್ಲಿ ಹೇಳಿದೆ. ನಕ್ಕಳು, ನಗು ಕೆಮ್ಮಾಗಿ,
ಕೆಮ್ಮು ಸೀಟಿಯಾಗಿ,
ನಾನು ಓಡಿ ನೀರು ತಂದೆ.
ಆರು ನಿಮಿಷ ಉಳಿದಿತ್ತು.

ಅದಕ್ಕೂ ಒಂದು ಕಾಲ ಇತ್ತು, ಅಂದೆ
(ಯಾಕೆ ಹೇಳಿದೆನೋ, ಹೊತ್ತು ಹೋಗಲೆಂದಿರಬೇಕು),
ಬಸಿರಲ್ಲಿ. ಗಾಳಿಯೇ ಇಲ್ಲದ ಕಾಲ.
ಮಗುವಿನ ಎದೆಗೂಡಿನ ತುಂಬ ನೀರು.
ಆಗ ಈ ಸ್ನಾಯು ಮಿಡಿಯುತ್ತಿರುತ್ತದೆ, ಅಲೆ ಅಲೆಯಾಗಿ,
ನೀರನ್ನು ತುದಿತುದಿಗೆ ತಳ್ಳಿ, ಹಿಗ್ಗಿಸಿ, ಕವಲೊಡೆಸಿ,
ಇನ್ನೂ ಬಾರದ ಗಾಳಿಗೆ ಮನೆ ಅಣಿ ಮಾಡುತ್ತ.
ಹುಟ್ಟಿದ ಮೇಲೆ ಆ ಕೆಲಸ ಮುಗಿಯಿತು.
ಮನೆಗೆ ಹೋಗು ಅಂತ ಅದಕ್ಕೆ ಯಾರೂ ಹೇಳಲಿಲ್ಲ.

ಆಕೆ ಕಿಟಕಿ ನೋಡಿದಳು. ಹೊರಗೆ
ಒಂದು ಕರಿ ಎಳೆ ಗಾಜಿಗೆ ಅಂಟಿ ನಡುಗುತ್ತಿತ್ತು.
"ಎಲ್ಲ ಮಗುವಿಗೂ?"
ಎಲ್ಲ ಮಗುವಿಗೂ.
"ಐದನೇ ತಿಂಗಳಿಗೇ ಹೋದದ್ದಕ್ಕೂ?"

ಯಂತ್ರದ ಫ್ಯಾನು ತಿರುಗುತ್ತಿತ್ತು.
ಹೌದು, ಅಂದೆ. ಅದಕ್ಕೂ.
ಅಷ್ಟು ಹೊತ್ತಿಗೆ ಎಷ್ಟೋ ವಾರದಿಂದ.

"ಹಾಗಾದರೆ ಏನೋ ಮಾಡುತ್ತಾ ಇತ್ತು," ಅಂದಳು,
ನನಗಲ್ಲ. ತೂಕದ ಪುಸ್ತಕದಲ್ಲಿ
ಬಿಟ್ಟುಹೋಗಿದ್ದ ಒಂದು ಸಾಲು
ಬರೆದುಕೊಂಡ ಹಾಗೆ.

ಗಡಿಯಾರ ಕೂಗಿತು. ಕೊಳವೆ ಬದಲಿಸಿದೆ. ಮೂಗಿಗೆ ಕ್ಲಿಪ್ಪು.
ಎಳೆಯಿರಿ, ಅಂದೆ, ಈ ಸಲ ಕಿರುಚದೆ. ಊದಿ.
ಗೆರೆ ಎದ್ದಿತು. ಜೋತಿತು, ಮೊದಲಿನಷ್ಟಲ್ಲ.
ಹನ್ನೊಂದು ಪರ್ಸೆಂಟ್, ಅಂದಿತು ಯಂತ್ರ.
ಹನ್ನೆರಡಾದರೆ ಮಾತ್ರ ಲೆಕ್ಕಕ್ಕೆ.

ಇನ್ನೊಮ್ಮೆ?
ಕೊಳವೆಯ ಮೇಲೆ ತುಟಿ ಬಿಗಿದೇ ಇದ್ದಳು.